ಮೊದಲೊಂದು ಒಳ್ಳೆಯ ಮಾತು

ಮುಂದಿನ ಕಾರಿನ ಕೆಂಪು ದೀಪ ಆರಿತು, ಹೊತ್ತಿತು, ಮತ್ತೆ ಆರಿತು, ಹೊಸ ಶಾಲೆಯ ಮುಂದೆ ಕಾರುಗಳ ಸಾಲು ತೆವಳುತ್ತಿದೆ, ಕೊರಿನ್ ಬ್ರೇಕಿನಿಂದ ಕಾಲೆತ್ತಿದಳು, ಟೊಲೀಡೊ ಊರಿನ ಹಿಮವೆಲ್ಲ ಕರಗಿ ಕೆಸರು, ಮಗಳು ಟೆಸ್‌ಳ ಬೂಟು ತೊಳೆಯಬೇಕು, ಈಗ ಬರುತ್ತಾಳೆ, ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಸುಮ್ಮನೆ ಕೂರುತ್ತಾಳೆ — ಮಾತು ಬಾರದ ಮಗು ಸುಮ್ನಿರದೆ ಇನ್ನೇನು ಮಾಡುತ್ತೆ, ನಾದಿನಿ ಡೋರಿನ್ ಹಾಗಂತಾಳೆ — ಆದರೆ ಹಳೇ ಶಾಲೆಯಿಂದ ಬರುವಾಗ ದಾರಿಯುದ್ದಕ್ಕೂ ಗುನುಗುತ್ತಿದ್ದಳಲ್ಲ, ಅಲ್ಲಿನ ಮಿಸ್ ಒಡೆಟಾ ಕಲಿಸಿದ ಅದೇ ರಾಗ, ಸಾಕು ಮಾರಾಯ್ತಿ, ತಲೆ ಚಿಟ್ಟುಹಿಡೀತು ಎಂದು ಕೊರಿನ್ ತಾನೇ ರೇಗುತ್ತಿದ್ದಳು, ಅಯ್ಯೋ, ಈ ಬಾಯಿಗೆ ಹುಳ ಬೀಳ. ಮಗುವಿಗೆ ಏನೇನು ನೆರವು ಕೊಡಬೇಕೆಂದು ತೀರ್ಮಾನಿಸುವ ಹಳೇ ಶಾಲೆಯವರ ಸಭೆಯಲ್ಲಿ ಟೆಸ್ ಪರ ಮಾತಾಡಲು ಒಬ್ಬರನ್ನು ಆರಿಸಬೇಕಿತ್ತು, ಎಡವಿದ್ದು ಅಲ್ಲೇ, ಮೊದಲು ಮಿಸೆಸ್ ಹ್ಯಾಸ್ಕೆಲ್ ಮನೆಗೆ ಬಂದಿದ್ದರು, ನಿವೃತ್ತ ಟೀಚರ್, ಬಂದವರೇ ನೆಲದ ಮೇಲೆ ಕೂತು ಟೆಸ್ ಜೊತೆ ಅಂಗಿಗುಂಡಿ ಜೋಡಿಸಿದರು, ಸಭೇಲಿ ಮೊದ್ಲು ಶಾಲೆಯೋರ ಮಾತು ಕೇಳೋಣಮ್ಮ, ಆಮೇಲೆ ನಮ್ಮದು ಎಂದರು — ಇವರೆಲ್ಲಿ ಹೊಡೆದಾಡುತ್ತಾರೆ ಎನಿಸಿತ್ತು ಕೊರಿನ್‌ಗೆ, ಡೋರಿನ್ ಬೇರೆ ಕಿವಿ ಊದಿದಳು, ಬೆಣ್ಣೆಯಂಥೋರನ್ನ ಕಟ್ಕೊಂಡು ಏನ್ ಮಾಡ್ತೀಯೆ, ಗ್ಲೆಂಡಾ ರಸ್ಕ್‌ನ ಕರಿ, ಅವಳು ಕಾಲಿಟ್ರೆ ಪ್ರಿನ್ಸಿಪಾಲ್ ಬೆವರ್ತಾನೆ. ಗ್ಲೆಂಡಾ ಫೋನಿನಲ್ಲೇ ಮುಗಿಸಿದಳು, ಮಗೂನ ನೋಡೋದೇನಿದೆ ಬಿಡಿ, ಕಾನೂನು ನಂಗೆ ಗೊತ್ತು, ಎಷ್ಟು ಹಾಯೆನಿಸಿತ್ತು ಆಗ, ಕೊನೆಗೂ ತನ್ನ ಕಡೆ ಒಂದು ದೊಡ್ಡ ಗಂಟಲು.

ಸಭೆಯಲ್ಲಿ ಪುಟಾಣಿ ಕುರ್ಚಿಗಳು, ಮಂಡಿ ಗಲ್ಲಕ್ಕೆ ತಾಗುವಂತಿತ್ತು, ಪದ್ಧತಿ ಗೊತ್ತಿದ್ದದ್ದೇ, ಮೊದಲು ಒಬ್ಬೊಬ್ಬರೂ ಮಗುವಿನ ಬಗ್ಗೆ ಒಂದೊಂದು ಒಳ್ಳೆಯ ಮಾತು, ಟೆಸ್‌ಗೆ ನೀರಾಟ ಇಷ್ಟ, ಟೆಸ್ ನಗು ಚೆಂದ, ವರ್ಷವೂ ಅದೇ ಪಲ್ಲವಿ, ಪ್ರಿನ್ಸಿಪಾಲ್ ಶುರುಮಾಡುತ್ತಿದ್ದಂತೆ ಗ್ಲೆಂಡಾ ಕೈಯೆತ್ತಿದಳು, ಈ ಸಕ್ಕರೆ ಸವರೋದೆಲ್ಲ ಬೇಡ, ಕುತ್ತಿಗೆ ಕುಯ್ಯೋಕೆ ಮುಂಚೆ ಬೆನ್ನು ನೇವರಿಸ್ತೀರಿ ನೀವು, ವಿಷಯಕ್ಕೆ ಬನ್ನಿ. ಕೊರಿನ್ ನಕ್ಕಳು, ಹೌದು, ನಕ್ಕೇಬಿಟ್ಟಳು. ಮೇಜಿನ ಕೊನೆಯಲ್ಲಿ ಒಡೆಟಾ, ದಿನವಿಡೀ ಟೆಸ್ ಪಕ್ಕದಲ್ಲಿದ್ದು ಉಣಿಸಿ ಆಡಿಸುತ್ತಿದ್ದ ಸಹಾಯಕಿ, ಯಾವತ್ತೂ ಇಲ್ಲದಂತೆ ಅಂದು ಮುಖವೆಲ್ಲ ಅರಳಿಸಿಕೊಂಡು ತನ್ನ ಸರದಿಗೆ ಕಾದಿದ್ದಳು, ಮುಂದೆ ಬಾಗಿ ಬಾಯಿ ತೆರೆದಿದ್ದಳು — ಮುಚ್ಚಿದಳು.

ಗೆದ್ದರು. ಹೊಸ ಶಾಲೆ, ಹೊಸ ತಜ್ಞರು, ಕೇಳಿದ್ದೆಲ್ಲ ಸಿಕ್ಕಿತು, ಒಡೆಟಾ ಹಳೇ ಶಾಲೆಯಲ್ಲೇ ಉಳಿದಳು, ಅವಳನ್ನೂ ಜೊತೆಗೆ ಕಳಿಸಿ ಎಂದು ಕೇಳಬೇಕೆಂದು ಗ್ಲೆಂಡಾಗೆ ಹೇಗೆ ಹೊಳೆದೀತು, ಅವಳು ಟೆಸ್‌ಳನ್ನೇ ಕಂಡಿರಲಿಲ್ಲ, ಕೊರಿನ್‌ಗೆ ಹೊಳೆಯಬೇಕಿತ್ತು, ಹೆತ್ತವಳಿಗೆ. ಮೊನ್ನೆ ಅಂಗಡಿಯಲ್ಲಿ ಕಿತ್ತಳೆ ರಾಶಿಯ ಹತ್ತಿರ ಸಿಕ್ಕಳು ಒಡೆಟಾ, ಅವತ್ತು ಸಭೇಲಿ ಏನ್ ಹೇಳೋಕೆ ಹೊರಟಿದ್ರಿ ಎಂದು ಕೇಳಿದಳು ಕೊರಿನ್, ಅಯ್ಯೋ ಬಿಡಿ ಕಣಮ್ಮ, ಈಗ್ಯಾಕೆ ಅದು, ನನ್ ಬಂಗಾರ ಹೇಗಿದಾಳೆ, ಇನ್ನೂ ಹಾಡ್ತಾಳಾ — ಹ್ಞೂ, ಹಾಡ್ತಾಳೆ ಎಂದು ಸುಳ್ಳು ಹೇಳಿಬಿಟ್ಟಳು ಕೊರಿನ್, ಹಣ್ಣು ಅಲ್ಲೇ ಬಿಟ್ಟು ಬಂದಳು.

ಬಾಗಿಲು ತೆರೆಯಿತು, ಟೆಸ್ ಹತ್ತಿದಳು, ಶಾಲೆಯವರು ಬೆಲ್ಟು ಬಿಗಿದರು, ಕೊರಿನ್ ಕಾರು ಹೊರಡಿಸಿದಳು, ಆ ರಾಗ ಹೇಗಿತ್ತು, ಗಂಟಲಲ್ಲೇ ಹುಡುಕಿ ಮೆಲ್ಲಗೆ ಗುನುಗಿದಳು, ತಪ್ಪಿತು, ಮತ್ತೆ ಶುರುಮಾಡಿದಳು, ಕನ್ನಡಿಯಲ್ಲಿ ಮಗಳ ಮುಖ ಈ ಕಡೆ ತಿರುಗಿತು, ಬಾಯಿ ತೆರೆಯಿತು — ಮುಚ್ಚಿತು.