ಟಿ ಯಾರಾದರೂ ಆಗಬಹುದು

ಎಡಕ್ಕೊಂದು ಬಾಣದ ಮೊನೆ, ಬಲಕ್ಕೊಂದು. ನಡುವೆ ಹುಲಿಗೇಶ ಬೋರ್ಡಿನ ಮೇಲೆ 'ಟಿ' ಎಂದು ಬರೆದ. ಸೀಮೆಸುಣ್ಣ ಮುರಿಯಿತು.

"ಜಾವಾದಾಗ ಟಿ ಅಂದ್ರ ಯಾವ ಟೈಪ್ ಆದ್ರೂ ಆಗಬಹುದು," ಎಂದ. "ಅಂಕಿ, ಹೆಸರು, ಮೆಣಸಿನಕಾಯಿ."

ಬ್ಯಾಡಗಿಯ ಆ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಅವನು ಟೆಂಪರರಿ ಕಂಪ್ಯೂಟರ್ ಮೇಷ್ಟ್ರು. ಇಂದಿನ ಡೆಮೊ ಪಾಠ ಗೆದ್ದರೆ ಪರ್ಮನೆಂಟ್. ಎದುರಿಗೆ ಪ್ರಿನ್ಸಿಪಾಲ್ ಶೇಖಪ್ಪ. ಪಕ್ಕದಲ್ಲಿ ಇನ್ನೊಬ್ಬ ಅಭ್ಯರ್ಥಿ ಪ್ರವೀಣಕುಮಾರ, ತಲೆಯೆತ್ತದೆ ಬರೆದುಕೊಳ್ಳುತ್ತಿದ್ದ. ಪೇಟೆಯಿಂದ ಬಂದ ಮೆಣಸಿನಕಾಯಿ ಘಾಟಿಗೆ ಮೂವರೂ ಸೀನಿದರು, ಹುದ್ದೆಯ ಕ್ರಮದಲ್ಲಿ: ಶೇಖಪ್ಪ, ಪ್ರವೀಣಕುಮಾರ, ಕಡೆಗೆ ಹುಲಿಗೇಶ. ಆ ಕ್ರಮ ಅವನಿಗೆ ಸರಿಬರಲಿಲ್ಲ.

"ಆದ್ರ ನಾ ಬರಿಯಾಕ ಹತ್ತಿದ ಈ ಮೆಥಡ್ ಎರಡರಾಗ ದೊಡ್ಡದು ಯಾವುದಂತ ಹುಡುಕತೈತಿ. ಹೋಲಿಸಾಕ ಬರಲಿಲ್ಲಂದ್ರ?" ಟಿಯ ಮುಂದೆ 'ಎಕ್ಸ್‌ಟೆಂಡ್ಸ್ ಕಂಪೇರಬಲ್' ಎಂದು ಸೇರಿಸಿದ. "ಇದು ಮಿತಿ. ಹೋಲಿಸಾಕ ಬರೂವಷ್ಟ ಒಳಗ. ಉಳಿದದ್ದನ್ನ, ಪ್ರೋಗ್ರಾಮ್ ತಪಾಸ ಮಾಡೂ ಕಂಪೈಲರ್ ಓಡಿಸಿ ಸೈತ ನೋಡೂದಿಲ್ಲ, ಬಾಗಲದಾಗನ ತಿರುಗಿ ಕಳಸತೈತಿ."

"ಖರೇನ ಛಲೋ ಹೇಳಿದ್ರಿ," ಎಂದರು ಶೇಖಪ್ಪ. "ಅರ್ಜಿ ಯಾರರ ಹಾಕಬಹುದು. ಆದ್ರ ನಮ್ಮ ಕಮಿಟಿಯವರೂ ನಿನ್ನೆ ಒಂದು ಮಿತಿ ಹಾಕ್ಯಾರ್ರಿ. ಮೂವತ್ತೈದು ವರ್ಷ."

ಹುಲಿಗೇಶನಿಗೆ ಮೂವತ್ತಾರು. ಇಲ್ಲಿ ಮೊದಲ ಪಾಠ ಮಾಡಿದಾಗ ಇಪ್ಪತ್ತೇಳು.

"ಮತ್ತ ಪಾಠ ಯಾಕ ಮಾಡಿಸಿದ್ರಿ, ಸರ್?"

"ಈ ಪಾಠ ಸಿಲೆಬಸ್ಸಿನಾಗ ಹೊಸದಾಗಿ ಬಂದೈತಲ್ರಿ. ಪ್ರವೀಣಕುಮಾರ ಅವರಿಗೆ ಯಾರರ ಹೇಳಿಕೊಡಬೇಕಲ್ಲ?"

ಪ್ರವೀಣಕುಮಾರ ಪೆನ್ನಿಗೆ ಟೋಪಿ ಹಾಕಿದ. "ಥ್ಯಾಂಕ್ಸ್ ಸರ್. ಬೋರ್ಡ್ ಒರೆಸಿಬಿಡ್ರಿ."

ಇಬ್ಬರೂ ಹೋದರು. ಹುಲಿಗೇಶ ಒರೆಸಿದ. ಅದು ಸೌಜನ್ಯವೋ ಚಟವೋ ಅವನಿಗೇ ತಿಳಿಯಲಿಲ್ಲ.

ಹೊರಗೆ ಬಂದರೆ, ವರಾಂಡದ ಕಬ್ಬಿಣದ ಗೇಟು ಎಳೆದು ಕೀಲಿ ಹಾಕಿತ್ತು. ಆಚೆ ಜವಾನ ಡಾಕಪ್ಪ ಮಿರ್ಚಿ ಭಜಿ ತಿನ್ನುತ್ತಿದ್ದ.

"ತಗಿಯಪಾ ಡಾಕಪ್ಪ."

"ಅಯ್ಯ, ನೀವಿನ್ನೂ ಅದೀರೇನ್ರಿ? ಒಳಗ ಯಾರೂ ಇಲ್ಲ ಅಂದ್ಕೊಂಡೆ."

"ಕೀಲಿಕೈ?"

"ಹೊಸಾ ಸರ್ ಇಸ್ಕೊಂಡ್ರು. ಮೋಟೆಬೆನ್ನೂರಿಗೆ ಊಟಕ್ಕ ಹೋಗ್ಯಾರ. ಲಗೂ ಬರ್ತಾರ್ರಿ. ಮಿರ್ಚಿ ತಗೋರಿ, ಬಿಸಿ ಐತಿ."

ಗೇಟಿನ ಪಟ್ಟಿಗಳು ಒಂದನ್ನೊಂದು ದಾಟಿ, ಮೇಲಿನಿಂದ ಕೆಳತನಕ ಕಿಂಡಿಗಳು: ಎಡಕ್ಕೊಂದು ಮೊನೆ, ಬಲಕ್ಕೊಂದು. ಅಂಥದೊಂದು ಕಿಂಡಿಯೊಳಗೆ ಹುಲಿಗೇಶ ಕೈ ತೂರಿಸಿದ. ಮೊಣಕೈತನಕ ಸಲೀಸಾಗಿ ಹೋಯಿತು. ಮಿರ್ಚಿ ಹಿಡಿದು ಎಳೆದುಕೊಂಡರೆ ಮುಷ್ಟಿ ಬರಲೊಲ್ಲದು.

"ಬಿಡಬ್ಯಾಡ್ರಿ ಮತ್ತ," ಎಂದ ಡಾಕಪ್ಪ. "ಮಣ್ಣಾಗ ಬೀಳತೈತಿ."

ಹುಲಿಗೇಶ ಇನ್ನೂ ಗಟ್ಟಿಯಾಗಿ ಹಿಡಿದ.