ದ್ರಾಕ್ಷಿತೋಟಕ್ಕೆ ಬಂದ ಚಹಾ ಮೂಗು

ನನ್ನ ಗಂಡನ ಕೆಲಸ ಚಹಾ ರುಚಿ ನೋಡುವುದು. ದಿನಕ್ಕೆ ಇನ್ನೂರು ಬಟ್ಟಲು ಸುರ್ರೆಂದು ಹೀರಿ, ಉಗುಳಿ, ಇದು ಹೀಗೆ ಅದು ಹಾಗೆ ಎಂದು ಬರೆಸುವುದು. ಇದಕ್ಕೆ ಸಂಬಳ ಬೇರೆ! ಮನೆಗೆ ಬಂದರೂ ಆ ಮೂಗು ರಜೆ ಹಾಕುತ್ತಿರಲಿಲ್ಲ. "ತಳ ಹತ್ತಿದೆ" ಎಂದು ಬಾಗಿಲಲ್ಲೇ ನನ್ನ ಅಡುಗೆಗೆ ತೀರ್ಪು. ಆ ಒಂದು ಮಾತಿಗೆ ಇಪ್ಪತ್ತು ವರ್ಷ ಜಗಳವಾಡಿದ್ದೇನೆ.

ಆರು ತಿಂಗಳ ಹಿಂದೆ ಜ್ವರವೊಂದು ಬಂದು ಆ ಮೂಗನ್ನು ಹೊತ್ತುಕೊಂಡು ಹೋಯಿತು. ವಾಸನೆಯೇ ತಿಳಿಯದೆ, ಏನು ಬಡಿಸಿದರೂ ತಲೆ ತಗ್ಗಿಸಿ ಉಣ್ಣತೊಡಗಿದರು. ಮೊದಲ ವಾರ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಸಂಕಟ ಶುರುವಾಯಿತು. ಬರುವ ಸೋಮವಾರ ಕಂಪನಿಯಲ್ಲಿ ಪರೀಕ್ಷೆ. ಹನ್ನೆರಡು ಬಟ್ಟಲ ಚಹಾ ಗುರುತಿಸದಿದ್ದರೆ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸಬೇಕು.

"ವೈನ್ ಮಾಡೋ ಊರಿಗೆ ಹೋಗಿಬರೋಣ. ಅಲ್ಲಿ ಘಮ ಜೋರಂತೆ," ಅಂದರು. ಹೊರಟೆವು.

ತೋಟ ಚೆನ್ನಾಗಿತ್ತು. ಪ್ರತಿ ಸಾಲಿನ ತುದಿಗೂ ಒಂದು ಗುಲಾಬಿ ಗಿಡ. ರೋಗ ಬಂದರೆ ಮೊದಲು ಅದಕ್ಕೇ ಬಡಿಯುತ್ತದಂತೆ. ಇವರು ಒಂದೊಂದು ಹೂವಿಗೂ ಮೂಗು ತೂರಿಸಿದರು.

"ಏನಾದ್ರೂ ಬಂತಾ?"

"ಜೇನುಹುಳ ಬಂತು."

ನೆಲಮಾಳಿಗೆಯಲ್ಲಿ ತೋಟದೊಡತಿ ಎಲ್ಲರಿಗೂ ವೈನ್ ಕೊಟ್ಟರು. ಉಳಿದವರು ಮೆಲ್ಲಗೆ ಗುಟುಕರಿಸುತ್ತಿದ್ದರೆ ನಮ್ಮವರು ಹಳೇ ಚಾಳಿಯಂತೆ ಸುರ್ರ್ರ್ ಎಂದು ಎಳೆದರು. ಪೀಪಾಯಿಗಳೆಲ್ಲ ಮರುದನಿಗೊಟ್ಟವು. ಆಮೇಲೆ ಮೂರಡಿ ದೂರದ ಬಕೆಟ್ಟಿಗೆ ಗುರಿಯಿಟ್ಟು ಪಿಚಕ್! ನೆಲ ಬಾಯಿಬಿಡಬಾರದೇ ಅನಿಸಿತು ನನಗೆ.

ಒಡತಿಗೆ ಮಾತ್ರ ಖುಷಿಯೋ ಖುಷಿ. "ಸರ್, ನೀವು ದೊಡ್ಡ ಪಂಡಿತರೇ ಇರ್ಬೇಕು! ಹೇಗಿದೆ ಹೇಳಿ."

"ಒದ್ದೆಯಾಗಿದೆ," ಅಂದರು ನಮ್ಮ ಪಂಡಿತರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವರೂ ನಕ್ಕರು. ಲೋಟ ಕೆಳಗಿಡುವ ಮುನ್ನ ಇನ್ನೊಮ್ಮೆ ಕದ್ದು ಮೂಸಿದ್ದು ನನಗಷ್ಟೇ ಕಂಡಿತು.

ಹೊರಗೆ ಬಳ್ಳಿಯ ನೆರಳಲ್ಲಿ ಕೂತೆವು. ಒಡತಿ ಬ್ರೆಡ್ಡು, ಚೀಸು ತಂದಿಟ್ಟರು. ನಾನು ಮನೆಯ ಡಬ್ಬಿ ತೆಗೆದೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಆಲೂಗಡ್ಡೆ ಸೀದಿತ್ತು. ಇವರಿಗೇನು ಗೊತ್ತಾಗುತ್ತದೆ ಎಂದು ಕಪ್ಪಾದದ್ದನ್ನು ಬಿಟ್ಟು ಮೇಲಿನದನ್ನು ತುಂಬಿಕೊಂಡಿದ್ದೆ. ಆರು ತಿಂಗಳಿಂದ ಅದೇ ಅಭ್ಯಾಸವಾಗಿಬಿಟ್ಟಿತ್ತು ನೋಡಿ.

ಮುಚ್ಚಳ ತೆಗೆದದ್ದೇ ತಡ, ಇವರು ಬ್ರೆಡ್ಡಿಗೆ ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಡಬ್ಬಿ ಎತ್ತಿ ಮೂಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು. ಹುಬ್ಬು ಗಂಟಾಯಿತು.

"ಇದು ತಳ ಹತ್ತಿದೆ ಕಣೇ."

ತಪ್ಪು ಹುಡುಕುವ ಅದೇ ಹಾಳು ಮುಖ. ನನಗೆ ಅಳು ಉಕ್ಕಿ ಬಂತು. ಅವರ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

"ಇನ್ನೊಂದ್ಸಲ ಹೇಳ್ರೀ," ಅಂದೆ.