ತೋರಿಸಲಿಕ್ಕೆ ಇಟ್ಟ ಮಾತ್ರೆ

ನಾನು ಬೆಳ್ಳಿ ಬಣ್ಣದ ಒಂದು ಸಣ್ಣ ಪೊಟ್ಟಣ. ನನ್ನ ಹೊಟ್ಟೆಯಲ್ಲಿ ಒಂದೇ ಒಂದು ತುರ್ತು ಗರ್ಭನಿರೋಧಕ ಮಾತ್ರೆ. ಕಾರ್ಖಾನೆಯಲ್ಲಿ ಹುಟ್ಟಿದ ಗಳಿಗೆಯಲ್ಲೇ ಬೆನ್ನ ಮೇಲೆ ಸಾವಿನ ತಿಂಗಳನ್ನೂ ಒತ್ತಿಬಿಟ್ಟರು. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣವಿರುತ್ತದಂತೆ. ನನ್ನ ಪ್ರಾಣ ಆ ಅಂಕಿಯೊಳಗಿತ್ತು.

ನೇಕಾರರ ಊರೊಂದರ ಸರಕಾರಿ ಆಸ್ಪತ್ರೆಗೆ ಬಂದೆ. ನರ್ಸ್ ದಾಕ್ಷಾಯಿಣಿ ನನ್ನನ್ನು ಚೇಳಿನಂತೆ ಎರಡು ಬೆರಳಲ್ಲಿ ಹಿಡಿದು ಕಪಾಟಿನ ಮೇಲಿನ ಹಲಗೆಗೆ ದೂಡಿದರು.

"ಬಸಿರು ತೆಗಿಯೋ ಮಾತ್ರಿ ಇದು. ತಪಾಸಣಿಗೆ ಸಾಹೇಬ್ರು ಬಂದಾಗ ತೋರ್ಸಾಕ ಒಂದಿರಲಿ."

ಕೆಟ್ಟವರಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡು ವರ್ಷ ಕತ್ತಲಲ್ಲಿದ್ದೆ. ಬಾಗಿಲ ಬಳಿ ಹೆಂಗಸರ ಪಿಸುಮಾತು ಕೇಳಿದರೆ, ಇವರನ್ನೂ ಬರಿಗೈಲಿ ಕಳಿಸುತ್ತಾರೆಂದು ಹೆದರುತ್ತಿದ್ದೆ. ಒಂದು ಸೋಮವಾರ ಬೆಳಿಗ್ಗೆ ಸಂಕವ್ವ ಬಂದಳು, ಕಂಕುಳಲ್ಲಿ ಆರು ತಿಂಗಳ ಕೂಸು. ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದವಳು. ಬೇಗ ಇನ್ನೊಂದು ಬಸಿರಾದರೆ ಜೀವಕ್ಕೇ ಕುತ್ತು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು.

"ನಿನ್ನಿ ರಾತ್ರಿ ಕಾಂಡೋಮ್ ಹರದೈತ್ರಿ ಅಕ್ಕಾರ. ಏನರ ಮಾತ್ರಿ ಐತೇನ್ರಿ?"

"ಅಂಥಾವೆಲ್ಲ ಇಲ್ಲಿ ಇಲ್ಲವ್ವ. ತಿಂಗಳು ನೋಡೂಣು."

ಅವಳ ತಲೆಯಿಂದ ಒಂದು ಮೊಳ ಮೇಲೆ ನಾನಿದ್ದೆ. ಕೂಗಲು ಬಾಯಿರಲಿಲ್ಲ.

ಬುಧವಾರ ತಾಲ್ಲೂಕಿನಲ್ಲಿ ನರ್ಸುಗಳಿಗೆ ತರಬೇತಿ. ಕಪಾಟಿನಲ್ಲಿದ್ದ ಮಾತ್ರೆಯನ್ನು ತರಲು ಹೇಳಿದ್ದರಿಂದ ನಾನೂ ಹೋದೆ. ಡಾಕ್ಟರ್ ಮೆಹರುನ್ನೀಸಾ ನನ್ನನ್ನು ಎತ್ತಿ ಹಿಡಿದರು.

"ಇದೇನ್ ಮಾಡ್ತದ, ದಾಕ್ಷಾಯಿಣಿ?"

"ಬಸಿರು ತೆಗಿತೈತ್ರಿ ಮೇಡಂ."

"ಇಲ್ಲ. ಅಂಡ ಹೊರಗ ಬರೂದನ್ನ ತಡಿತದ, ಅಷ್ಟ. ನಿಂತ ಬಸಿರಿಗೆ ಏನೂ ಆಗಂಗಿಲ್ಲ. ಮೂರು ದಿನದೊಳಗ ಕೊಡಬೇಕು. ಎಷ್ಟ್ ಜಲ್ದಿ ಅಷ್ಟ್ ಚಲೋ."

ದಾಕ್ಷಾಯಿಣಿ ಬೆರಳು ಮಡಚಿದರು: ಸೋಮ, ಮಂಗಳ, ಬುಧ. ತಟ್ಟನೆ ಎದ್ದು ನಿಂತರು.

"ಒಬ್ಬಾಕಿನ್ನ ವಾಪಸ್ ಕಳಿಸೇನ್ರಿ ಮೇಡಂ."

"ಮತ್ತ ಇಲ್ಯಾಕ ಕುಂತೀರಿ? ನಿಮ್ಮ ಊಟದ ಡಬ್ಬಿ ನಾವು ಖಾಲಿ ಮಾಡ್ತೀವಿ, ಹೋಗ್ರಿ."

ಬಸ್ಸಿನುದ್ದಕ್ಕೂ ನಾನು ಬೆವರಿದ ಮುಷ್ಟಿಯಲ್ಲಿದ್ದೆ. ನನ್ನ ಬೆನ್ನ ಮೇಲೆ ಒತ್ತಿದ್ದ ಸಾವಿನ ತಿಂಗಳೂ ಇದೇ ಆಗಿತ್ತು. ನನಗೆ ಒಂಬತ್ತು ದಿನ ಉಳಿದಿತ್ತು. ಅವಳಿಗೆ ಕೆಲವೇ ಗಂಟೆ.

ಸಂಕವ್ವ ಮಗ್ಗದ ಮುಂದಿದ್ದಳು. "ಇಲ್ಲ ಅಂದಿದ್ರಲ್ರಿ?"

"ತಪ್ಪಾತು ತಂಗಿ. ಮದಲ ನುಂಗು, ಆಮ್ಯಾಲ ಬೈಯಿ."

ನನ್ನ ಹೊಟ್ಟೆ ಹರಿಯಿತು. ಖಾಲಿ ಮೈಯನ್ನು ದಾಕ್ಷಾಯಿಣಿ ಎಸೆಯಲಿಲ್ಲ. ಡೈರಿಯಲ್ಲಿಟ್ಟು ದಿನಾ ತೆರೆದು ನೋಡುತ್ತಿದ್ದರು. ಮೂರು ವಾರ ಅವರೂ ನಾನೂ ಹೆದರಿ ಕಾದೆವು. ಆಮೇಲೊಂದು ದಿನ ಸಂಕವ್ವ ಬಾಗಿಲಲ್ಲೇ ನಿಂತು, "ಮುಟ್ಟಾಗೇನ್ರಿ ಅಕ್ಕಾರ" ಎಂದಳು. ದಾಕ್ಷಾಯಿಣಿ ಸ್ಟೂಲಿನ ಮೇಲೆ ಕುಸಿದು ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು.

ಈಗ ಇಂಥ ಮಾತ್ರೆಗಳು ಕೈಗೆಟುಕುವ ಹಲಗೆಯಲ್ಲಿವೆ. ನಾನು ಗೋಡೆಯ ಮೇಲೆ, ಪಿನ್ನಿಗೆ ಸಿಕ್ಕಿದ್ದೇನೆ. ಹೊಸ ನರ್ಸುಗಳು ಬಂದರೆ ದಾಕ್ಷಾಯಿಣಿ ನನ್ನನ್ನೇ ತೋರಿಸಿ ತಮ್ಮ ತಪ್ಪನ್ನು ಹೇಳುತ್ತಾರೆ. ಆದರೂ ಬಾಗಿಲ ಬಳಿ ಪಿಸುಮಾತು ಕೇಳಿದೊಡನೆ ನನ್ನ ಬರಿದಾದ ಹೊಟ್ಟೆ ಇಂದಿಗೂ ನಡುಗುತ್ತದೆ, "ಬಾರವ್ವ ಒಳಗ, ಯಾವಾಗ ಆತು?" ಎಂಬ ಅವರ ಮಾತು ಕಿವಿಗೆ ಬೀಳುವವರೆಗೆ.